ಕಲ್ಲಿನ ಸೀಮೆಯಲ್ಲಿ ಕುದುರೆಶಕ್ತಿ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಗಳ ಸುತ್ತಿನ ನೆಲವನ್ನು ತುಸು ಅಗೆದರೆ ಸಾಕು, ಕಲ್ಲು ಸಿಕ್ಕುತ್ತದೆ. ಗುಂಡುಗಲ್ಲಲ್ಲ, ಪುಸ್ತಕದ ಹಾಳೆಗಳಂತೆ ಒಂದರ ಮೇಲೊಂದು ಮಲಗಿರುವ ಚಪ್ಪಟೆಯಾದ ಸುಣ್ಣಕಲ್ಲು. ಹೊರಗಿನವರು ಇದನ್ನು ಶಹಾಬಾದ ಕಲ್ಲೆಂದು ಕರೆಯುತ್ತಾರೆ; ಈ ಕಡೆಯ ಜನಕ್ಕೆ ಇದು ಪರಸಿ. ಎಷ್ಟೋ ಮನೆಗಳ ಪಡಸಾಲೆಯಲ್ಲಿ, ರೈಲು ನಿಲ್ದಾಣಗಳ ಕಟ್ಟೆಯಲ್ಲಿ ನೀವು ಕಾಲೂರಿರುವುದು ಈ ಕಲ್ಲಿನ ಮೇಲೆಯೇ. ಎರಡಡಿ ಉದ್ದ, ಎರಡಡಿ ಅಗಲ, ಒಂದಂಗುಲ ದಪ್ಪದ ಒಂದು ಪರಸಿ ಸುಮಾರು ೨೫ ಕಿಲೋ ತೂಗುತ್ತದೆ. ಅಂಥ ೪೦ ಕಲ್ಲು ಪೇರಿಸಿದರೆ ಒಂದು ಟನ್ನಾಯಿತು. ಹತ್ತಿಯ ಮೂಟೆಯಂತೆ ಕಣ್ಣಿಗೆ ದೊಡ್ಡದಾಗಿ ಕಾಣುವ ಸರಕಲ್ಲ ಇದು. ಗಾಡಿ ಅರ್ಧ ತುಂಬಿದಂತೆಯೂ ಕಾಣುವುದಿಲ್ಲ, ಅಷ್ಟರಲ್ಲಿಯೇ ಹಿಂದಿನ ಪಟ್ಟಾ ಬಾಗಿ ನೆಲ ನೋಡುತ್ತಿರುತ್ತದೆ.

ಇಂಥ ಸರಕನ್ನು ಸಾಗಿಸಿ ಹೊಟ್ಟೆ ಹೊರೆಯುವವನ ಮನಸ್ಸಿನಲ್ಲಿ ಸದಾ ಒಂದು ಲೆಕ್ಕ ನಡೆದಿರುತ್ತದೆ. ಅವನ ಬಳಿ ಇರುವುದು ಒಂದು ಪಿಕಪ್ ಗಾಡಿ. ಅದರ ಮೇಲೆ ಸಾಲದ ಕಂತು. ದೊಡ್ಡ ಗಾಡಿ ಕೊಳ್ಳುವ ಅನುಕೂಲವಿಲ್ಲ. ಇರುವ ಎಂಜಿನೇ ಇನ್ನೂ ಸ್ವಲ್ಪ ಎಳೆದರೆ ಹೇಗೆ? ಹೆಚ್ಚು ದುಡ್ಡು ಸುರಿಯದೆ ಅದಕ್ಕೆ ಇನ್ನಷ್ಟು ಬಲ ತುಂಬುವ ದಾರಿಯುಂಟೆ? ಈ ಪ್ರಶ್ನೆ ಇವನಿಗೇ ಮೊದಲು ಹೊಳೆದುದಲ್ಲ. ಎತ್ತಿನ ಗಾಡಿಯವನೂ ರೈಲ್ವೆಯ ಎಂಜಿನಿಯರನೂ ಮೋಟಾರು ಮಾಡುವ ಕಾರಖಾನೆಯವನೂ ತಂತಮ್ಮ ಕಾಲದಲ್ಲಿ ಇದನ್ನೇ ಕೇಳಿದ್ದಾರೆ. ಅವರಿಗೆ ಸಿಕ್ಕಿದ ಉತ್ತರಗಳನ್ನು ಒಂದರ ಪಕ್ಕಕ್ಕೊಂದು ಇಟ್ಟು ನೋಡಿದರೆ ಒಂದು ವಿಷಯ ಕಾಣುತ್ತದೆ. ಅಗ್ಗವಾಗಿ ದೊರೆತ ಬಲವೆಲ್ಲ ಅದುವರೆಗೆ ಎಲ್ಲಿಯೋ ಸೋರಿಹೋಗುತ್ತಿದ್ದ ಬಲ. ಸೋರುವ ತೂತನ್ನು ಕಂಡುಹಿಡಿದವನಿಗೆ ಅದು ದಕ್ಕಿತು. ತೂತನ್ನು ಹುಡುಕದೆ ಒಲೆಗೆ ಸೌದೆ ಒಟ್ಟಿದವನು ಹೊಗೆಯನ್ನೇ ಹೆಚ್ಚಾಗಿ ಕಂಡನು.

ಮೊದಲು ಕುದುರೆಶಕ್ತಿಯ ಮಾತು. ಈ ಅಳತೆಯನ್ನು ಬಳಕೆಗೆ ತಂದವನು ಜೇಮ್ಸ್ ವಾಟ್. ಒಂದು ನಿಮಿಷದಲ್ಲಿ ೩೩,೦೦೦ ಪೌಂಡು ತೂಕವನ್ನು ಒಂದು ಅಡಿ ಎತ್ತುವ ಕೆಲಸಕ್ಕೆ ಅವನು ಒಂದು ಕುದುರೆಶಕ್ತಿಯೆಂದು ಹೆಸರಿಟ್ಟನು. ಉಗಿಯ ಎಂಜಿನನ್ನು ವಾಟನೇ ಕಂಡುಹಿಡಿದನೆಂದು ನಾವು ಶಾಲೆಯಲ್ಲಿ ಓದಿದ್ದುಂಟು. ನಿಜವಾಗಿ ನೋಡಿದರೆ ಅವನು ರಿಪೇರಿ ಮಾಡಲು ಕುಳಿತವನು. ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿದ್ದ ನ್ಯೂಕೊಮೆನ್ ಎಂಜಿನಿನ ಒಂದು ಸಣ್ಣ ಮಾದರಿ ಅವನ ಕೈಗೆ ಬಂದಿತು. ಅದರ ಸಿಲಿಂಡರನ್ನು ಪ್ರತಿ ಸಲವೂ ಉಗಿಯಿಂದ ಕಾಯಿಸಿ, ಪ್ರತಿ ಸಲವೂ ತಣ್ಣೀರಿನಿಂದ ಆರಿಸಬೇಕಾಗಿತ್ತು. ಕಲ್ಲಿದ್ದಲಿನ ಬಹುಪಾಲು ಶಾಖ ಕಬ್ಬಿಣವನ್ನು ಮತ್ತೆ ಮತ್ತೆ ಕಾಯಿಸುವುದಕ್ಕೇ ಹೋಗುತ್ತಿದೆಯೆಂದು ವಾಟ್ ಕಂಡುಕೊಂಡನು. ಉಗಿಯನ್ನು ಬೇರೊಂದು ಪಾತ್ರೆಯಲ್ಲಿ ತಣಿಸುವ ಉಪಾಯಕ್ಕೆ ೧೭೬೯ರಲ್ಲಿ ಸನ್ನದು ಪಡೆದನು. ಅವನೂ ಅವನ ಪಾಲುಗಾರ ಬೌಲ್ಟನ್ನನೂ ವ್ಯಾಪಾರ ಮಾಡಿದ ಬಗೆಯೂ ನೋಡುವಂಥದು. ಹಳೆಯ ಎಂಜಿನಿಗಿಂತ ಎಷ್ಟು ಕಲ್ಲಿದ್ದಲು ಉಳಿಯಿತೋ ಅದರ ಬೆಲೆಯಲ್ಲಿ ಮೂರನೆಯ ಒಂದು ಪಾಲನ್ನು ಅವರು ಗಣಿಯ ಒಡೆಯರಿಂದ ವಸೂಲು ಮಾಡುತ್ತಿದ್ದರು. ಉಳಿತಾಯವನ್ನೇ ಮಾರಿದ ವರ್ತಕರು ಅವರು.

ಇನ್ನು ನಮ್ಮ ಸೀಮೆಗೆ ಬರೋಣ. ಎಂಜಿನಿಲ್ಲದ ಕಾಲದಲ್ಲಿಯೂ ಇಲ್ಲಿ ಕಲ್ಲು ಸಾಗಿದೆ. ಚಿತ್ತಾಪುರ ಸೀಮೆಯ ಸನ್ನತಿಯ ಬಳಿ, ಭೀಮಾ ನದಿಯ ದಂಡೆಯ ಕನಗನಹಳ್ಳಿಯಲ್ಲಿ ದೊರೆತ ಬೌದ್ಧ ಸ್ತೂಪದ ಚಪ್ಪಡಿಗಳು ಇದೇ ಸುಣ್ಣಕಲ್ಲಿನವು. ಅಶೋಕ ಚಕ್ರವರ್ತಿಯ ಹೆಸರು ಕೊರೆದ ಅವನ ಉಬ್ಬುಚಿತ್ರ ಇರುವುದು ಅಲ್ಲಿಯೇ. ಕಾಗಿಣಾ ನದಿಯ ದಡದ ಮಳಖೇಡ, ಅಂದರೆ ರಾಷ್ಟ್ರಕೂಟರ ಮಾನ್ಯಖೇಟ, ಇಂದಿನ ಸೇಡಂ ತಾಲ್ಲೂಕಿಗೆ ಸೇರಿದುದು. ಅಲ್ಲಿಯ ಕೋಟೆಯ ಗೋಡೆಗಳಿಗೂ ಇದೇ ನೆಲ ಕಲ್ಲು ಕೊಟ್ಟಿತು. ಇದನ್ನೆಲ್ಲ ಎಳೆದುದು ಎತ್ತಿನ ಹೆಗಲು. ಆದರೆ ಎತ್ತಿನ ಶ್ರಮದಲ್ಲಿ ಬಹುಪಾಲು ಕಲ್ಲನ್ನು ಮುಂದೊಯ್ಯುವುದಕ್ಕೆ ಸಲ್ಲಲಿಲ್ಲ. ಎರೆಭೂಮಿಯ ದಾರಿ ಗಾಲಿಯನ್ನು ಹಿಡಿದುಕೊಳ್ಳುತ್ತಿತ್ತು. ಅದನ್ನು ಬಿಡಿಸಿಕೊಳ್ಳುವುದಕ್ಕೇ ಬಲವೆಲ್ಲ ವೆಚ್ಚವಾಗುತ್ತಿತ್ತು.

ಈ ಲೆಕ್ಕವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಇಂದಿನ ಪಿಕಪ್ಪಿನವನಿಗೂ ಇದು ಬೇಕಾದ ಲೆಕ್ಕವೇ. ಒಂದು ಟನ್ ಭಾರವನ್ನು ಸಮನೆಲದಲ್ಲಿ ಉರುಳಿಸಿಕೊಂಡು ಹೋಗಲು ಸಡಿಲ ಮಣ್ಣಿನ ದಾರಿಯಲ್ಲಿ ೫೦–೬೦ ಕಿಲೋ ತೂಕದಷ್ಟು ಎಳೆತ ಬೇಕು. ಗಟ್ಟಿಯಾಗಿ ಧಮ್ಮಸ್ಸು ಹಾಕಿದ ಜಲ್ಲಿ ರಸ್ತೆಯಲ್ಲಿ ಅದರ ಅರ್ಧ ಸಾಕು. ಡಾಂಬರು ರಸ್ತೆಯ ಮೇಲೆ ರಬ್ಬರಿನ ಟಯರಿಗೆ ಸುಮಾರು ೧೫ ಕಿಲೋ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿಗೆ ೩ ಕಿಲೋ ಇದ್ದರೂ ಆದೀತು. ಪ್ರಾಣಿಯನ್ನೂ ಬದಲಾಯಿಸಬೇಡಿ, ಎಂಜಿನನ್ನೂ ಬದಲಾಯಿಸಬೇಡಿ, ನೆಲವನ್ನು ಬದಲಾಯಿಸಿ. ಅದೇ ಎಳೆತಕ್ಕೆ ಹದಿನೈದು ಪಟ್ಟು ಭಾರ ಹಿಂದೆ ಬರುತ್ತದೆ.

ಈ ಸೀಮೆಯ ನೆಲ ಹೀಗೆ ಬದಲಾದುದು ೧೮೭೦ರ ದಶಕದಲ್ಲಿ. ಮುಂಬಯಿಯಿಂದ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿ ಸೊಲ್ಲಾಪುರ, ಕಲಬುರಗಿ, ಶಹಾಬಾದ, ವಾಡಿಗಳನ್ನು ಹಾದು ರಾಯಚೂರಿನಲ್ಲಿ ಮದರಾಸಿನ ಹಳಿಯನ್ನು ಕೂಡಿಕೊಂಡುದು ೧೮೭೧ರಲ್ಲಿ. ಆಗ ಈ ಊರುಗಳೆಲ್ಲ ಹೈದರಾಬಾದು ಸಂಸ್ಥಾನದವು. ದಿವಾನರಾಗಿದ್ದವರು ಒಂದನೆಯ ಸಾಲಾರ್ ಜಂಗ್. ಸಂಸ್ಥಾನದ ಹಣದಿಂದ ವಾಡಿಯಿಂದ ಸಿಕಂದರಾಬಾದಿಗೆ ಹಾಕಿದ ಹಳಿ ೧೮೭೪ರಲ್ಲಿ ತೆರೆಯಿತು. ಚಿತ್ತಾಪುರ, ಮಳಖೇಡ ರೋಡ್, ಸೇಡಂ ನಿಲ್ದಾಣಗಳು ಈ ಹಳಿಯ ಮೇಲಿನವು. ಶಹಾಬಾದದ ಕಲ್ಲು ಊರ ಹೆಸರನ್ನು ಹೊತ್ತು ದೂರದ ಪೇಟೆಗಳಿಗೆ ಹೋಗತೊಡಗಿದುದು ಈ ಹಳಿಗಳ ದೆಸೆಯಿಂದ. ಅದೇ ಸುಣ್ಣಕಲ್ಲಿನಿಂದ ಸಿಮೆಂಟು ಮಾಡುವ ಕಾರಖಾನೆ ೧೯೨೦ರ ದಶಕದಲ್ಲಿ ಶಹಾಬಾದಿಗೆ ಬಂದಿತು. ೧೯೩೬ರಲ್ಲಿ ಅದು ಎ.ಸಿ.ಸಿ.ಯೊಳಗೆ ಸೇರಿತು. ೧೯೬೮ರಲ್ಲಿ ವಾಡಿಯ ಕಾರಖಾನೆ, ೧೯೮೦ರ ದಶಕದಲ್ಲಿ ಮಳಖೇಡ ಮತ್ತು ಸೇಡಮ್ಮಿನವು. ಹಳಿ ಇಲ್ಲದಿದ್ದರೆ ಇಷ್ಟು ಭಾರದ ಸರಕಿನ ಉದ್ಯಮ ಇಲ್ಲಿ ನೆಲೆಯೂರುತ್ತಿತ್ತೆ ಎಂಬುದನ್ನು ನೀವೇ ಊಹಿಸಬಹುದು.

ಹಳಿಯ ಮೇಲೆ ಓಡುತ್ತಿದ್ದ ಉಗಿ ಎಂಜಿನಿಗೂ ಒಂದು ದಿನ ಬಲ ಸಾಲದೆ ಬಂದಿತು. ಬಂಡಿಗಳು ಉದ್ದವಾದವು, ಬೋಗಿಗಳು ಉಕ್ಕಿನವಾದವು. ಹೊಸ ಎಂಜಿನು ಕೊಳ್ಳುವುದಕ್ಕೆ ರೈಲ್ವೆ ಕಂಪನಿಗಳ ಬಳಿಯೂ ಹಣ ಯಾವಾಗಲೂ ಇರುತ್ತಿರಲಿಲ್ಲ. ಆಗ ಏನು ಮಾಡಬಹುದೆಂಬುದನ್ನು ತೋರಿಸಿಕೊಟ್ಟವನು ಫ್ರಾನ್ಸಿನ ಆಂದ್ರೆ ಶಾಪೆಲೋನ್. ಪ್ಯಾರಿಸ್–ಓರ್ಲಿಯಾನ್ಸ್ ರೈಲ್ವೆಯಲ್ಲಿ ೩೫೬೬ ಎಂಬ ಸಂಖ್ಯೆಯ ಒಂದು ಎಂಜಿನಿತ್ತು. ಅದರ ಮೈಗಳ್ಳತನವನ್ನು ಕಂಡ ಕೆಲಸಗಾರರು ಅದಕ್ಕೆ ಕಾಲರಾ ಎಂದು ಹೆಸರಿಟ್ಟಿದ್ದರು. ಶಾಪೆಲೋನ್ ಅದನ್ನೇ ಆರಿಸಿಕೊಂಡನು. ಉಗಿ ಹಾಯುವ ಇಕ್ಕಟ್ಟಾದ ನಾಳಗಳನ್ನು ಅಗಲಿಸಿದನು; ಉಗಿಯನ್ನು ಇನ್ನೂ ಹೆಚ್ಚು ಕಾಯಿಸಿದನು; ಹೊಗೆಕೊಳವೆಯ ಬಾಯನ್ನು ಬದಲಿಸಿ, ಕೆಲಸ ಮುಗಿಸಿದ ಉಗಿ ತಡೆಯಿಲ್ಲದೆ ಹೊರಬೀಳುವಂತೆ ಮಾಡಿದನು. ೧೯೨೯ರಲ್ಲಿ ಆ ಎಂಜಿನು ಹಳಿಗೆ ಮರಳಿದಾಗ ಸುಮಾರು ೧,೮೫೦ ಕುದುರೆಶಕ್ತಿ ಕೊಡುತ್ತಿದ್ದುದು ಸುಮಾರು ೩,೦೦೦ ಕೊಟ್ಟಿತು. ಗಾಲಿಗಳು ಅವೇ, ಚೌಕಟ್ಟು ಅದೇ. ಒಳಕ್ಕೆ ಬರುವ ದಾರಿ, ಹೊರಕ್ಕೆ ಹೋಗುವ ದಾರಿ ಎರಡೂ ಸಲೀಸಾದುವು. ಈ ಮಾತನ್ನು ನೆನಪಿಟ್ಟುಕೊಳ್ಳಿ. ಮೋಟಾರಿಗೂ ಇದೇ ಔಷಧ.

ಈ ಕಡೆಯ ರಸ್ತೆಗಳಿಗೆ ಮೋಟಾರು ಸರ್ಕಾರದ ಕೈಯಿಂದ ಬಂದುದು ರೈಲ್ವೆಯ ಮೂಲಕವೇ. ೧೯೩೦ರಲ್ಲಿ ಸಂಸ್ಥಾನ ತನ್ನ ರೈಲ್ವೆಯನ್ನು ಕಂಪನಿಯಿಂದ ಕೊಂಡುಕೊಂಡಿತು. ೧೯೩೨ರಲ್ಲಿ ಆ ರೈಲ್ವೆಯ ಆಡಳಿತದಲ್ಲಿಯೇ ರಸ್ತೆ ಸಾರಿಗೆಯ ಶಾಖೆ ಹುಟ್ಟಿ ೨೭ ಬಸ್ಸುಗಳೊಡನೆ ಕೆಲಸಕ್ಕೆ ತೊಡಗಿತು. ಆಲ್ಬಿಯನ್ ಎಂಬ ಹೆಸರಿನ ಬಸ್ಸುಗಳು. ವಾಟ್ ಮಾದರಿ ಎಂಜಿನನ್ನು ರಿಪೇರಿ ಮಾಡಿದ ಗ್ಲಾಸ್ಗೋ ನಗರದಲ್ಲಿಯೇ ತಯಾರಾದವು. ಬಳಿಕ ಯುದ್ಧ ಬಂದಿತು. ಪೆಟ್ರೋಲಿಗೆ ಪಡಿತರವಾಯಿತು. ಆಗ ದಕ್ಷಿಣದ ಎಲ್ಲ ಕಡೆಯೂ ಬಸ್ಸಿನ ಬೆನ್ನಿಗೋ ಪಕ್ಕಕ್ಕೋ ಕಬ್ಬಿಣದ ಉದ್ದನೆಯ ಒಲೆಯೊಂದು ಅಂಟಿಕೊಂಡಿತು. ಒಲೆಯಲ್ಲಿ ಇದ್ದಿಲು ಬೆಂದು ಬಿಡುವ ಅನಿಲವನ್ನು ಎಂಜಿನಿಗೆ ಕುಡಿಸುತ್ತಿದ್ದರು. ಹಿರಿಯರು ಈ ಇದ್ದಿಲ ಬಸ್ಸುಗಳ ವಿಚಾರವನ್ನು ನಗುತ್ತ ಹೇಳುತ್ತಿದ್ದುದುಂಟು: ಏರು ಬಂದರೆ ಪ್ರಯಾಣಿಕರು ಇಳಿದು ನಡೆಯಬೇಕು, ಕೆಲವೊಮ್ಮೆ ತಳ್ಳಲೂ ಬೇಕು.

ನಗುವ ಮಾತಾದರೂ ಇದರಲ್ಲಿ ಎಂಜಿನಿನ ಗುಟ್ಟೇ ಇದೆ. ಇದ್ದಿಲ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಉರಿಯದ ಸಾರಜನಕ. ಆದುದರಿಂದ ಸಿಲಿಂಡರು ಒಂದು ಸಲಕ್ಕೆ ಎಳೆದುಕೊಳ್ಳುವ ಮಿಶ್ರಣದಲ್ಲಿ ಉರಿಯುವ ಸತ್ತ್ವ ಕಡಿಮೆ. ಎಂಜಿನಿನ ಬಲ ನೂರಕ್ಕೆ ೪೦–೫೦ರಷ್ಟು ಇಳಿಯುತ್ತಿತ್ತು. ಇದರಲ್ಲಿ ಒಂದಿಷ್ಟನ್ನು ಹಿಂದಕ್ಕೆ ಪಡೆಯಲು ಅಂದಿನವರು ಎರಡು ಉಪಾಯ ಮಾಡಿದರು. ಒಂದು, ಎಂಜಿನಿನ ಹೆಡ್ಡನ್ನು ಸ್ವಲ್ಪ ತರಿದು, ಮಿಶ್ರಣವನ್ನು ಮೊದಲಿಗಿಂತ ಹೆಚ್ಚು ಒತ್ತುವಂತೆ ಮಾಡುವುದು. ಇನ್ನೊಂದು, ಅನಿಲ ನಿಧಾನವಾಗಿ ಉರಿಯುವುದರಿಂದ ಕಿಡಿಯನ್ನು ತುಸು ಮುಂಚೆಯೇ ಹಾರಿಸುವುದು. ಖರ್ಚೆಂದರೆ ಮಿಸ್ತ್ರಿಯ ಅರ್ಧ ದಿನದ ಕೂಲಿ. ಪೆಟ್ರೋಲಿನಲ್ಲಿ ಇಷ್ಟು ಒತ್ತಿದ್ದರೆ ಎಂಜಿನು ಒಳಗೊಳಗೇ ಬಡಿದುಕೊಂಡು ಪಿಸ್ಟನ್ನನ್ನು ಹಾಳುಮಾಡುತ್ತಿತ್ತು. ಇದ್ದಿಲ ಅನಿಲಕ್ಕೆ ಆ ಚಟವಿಲ್ಲ. ಹೆಚ್ಚು ಒತ್ತಿದಷ್ಟೂ ಅದೇ ಶಾಖದಿಂದ ಹೆಚ್ಚು ಕೆಲಸ ದೊರೆಯುತ್ತದೆಂಬ ತತ್ತ್ವ ಇಂಥ ಬಡ ಪ್ರಯೋಗಗಳಲ್ಲಿ ಊರೂರ ಮಿಸ್ತ್ರಿಗಳ ಕೈಗೆ ಬಂದಿತು.

ಯುದ್ಧ ಮುಗಿದ ಮೇಲೆ ಸೈನ್ಯದವರು ಬಿಟ್ಟುಹೋದ ಜೀಪುಗಳೂ ಲಾರಿಗಳೂ ಹರಾಜಿಗೆ ಬಂದವು. ಡಿಸ್ಪೋಸಲ್ ಗಾಡಿಗಳೆಂದು ಅವುಗಳ ಹೆಸರು. ಈಗ ನಾನು ಹೇಳಬೇಕೆಂದಿರುವ ಮುಖ್ಯ ಸಂಗತಿ ಈ ಜೀಪಿನದು. ನಮ್ಮ ಪಿಕಪ್ಪಿನ ಪ್ರಶ್ನೆಗೆ ಇದಕ್ಕಿಂತ ಹತ್ತಿರದ ದೃಷ್ಟಾಂತ ಬೇರಿಲ್ಲ.

ಯುದ್ಧಕಾಲದ ವಿಲ್ಲೀಸ್ ಜೀಪಿನ ಎಂಜಿನು ನಾಲ್ಕು ಸಿಲಿಂಡರಿನದು, ಸುಮಾರು ೨.೨ ಲೀಟರಿನದು, ೬೦ ಕುದುರೆಶಕ್ತಿಯದು. ಗಾಳಿಯನ್ನು ಒಳಗೆ ಬಿಡುವ ವಾಲ್ವು, ಹೊಗೆಯನ್ನು ಹೊರಗೆ ಬಿಡುವ ವಾಲ್ವು ಎರಡೂ ಸಿಲಿಂಡರಿನ ಪಕ್ಕದಲ್ಲಿದ್ದವು. ಮೇಲಿನ ಹೆಡ್ಡು ಡಬ್ಬಿಗೆ ಮುಚ್ಚಳವಿದ್ದಂತೆ. ಮಾಡುವುದು ಸುಲಭ, ಬೆಲೆ ಕಡಿಮೆ. ಆದರೆ ಒಳಗೆ ಬರುವ ಗಾಳಿ ಪಕ್ಕದಿಂದ ಎದ್ದು, ತಿರುಗಿ, ಬಗ್ಗಿ ಸಿಲಿಂಡರನ್ನು ಸೇರಬೇಕು. ಬಾಗಿಲ ಮುಂದೆ ಗೋಡೆಯಿದ್ದ ಮನೆಯಂತೆ. ವಾಲ್ವನ್ನು ದೊಡ್ಡದು ಮಾಡೋಣವೆಂದರೆ ಎರಡಕ್ಕೂ ಒಂದೇ ಕಡೆ ಸ್ಥಳವಿಲ್ಲ. ವಿಲ್ಲೀಸ್ ಕಂಪನಿಯವರಿಗೂ ಬಡತನವೇ. ಹೊಸ ಎಂಜಿನು ಎರಕ ಹೊಯ್ಯಲು ಹೊಸ ಯಂತ್ರಗಳು ಬೇಕು, ದುಡ್ಡು ಬೇಕು. ಅವರು ಮಾಡಿದುದಿಷ್ಟು: ಹೊಗೆಯ ವಾಲ್ವನ್ನು ಇದ್ದಲ್ಲಿಯೇ ಬಿಟ್ಟರು; ಗಾಳಿಯ ವಾಲ್ವನ್ನು ಮಾತ್ರ ಎತ್ತಿ ಹೆಡ್ಡಿನೊಳಗೆ, ಸಿಲಿಂಡರಿನ ನೆತ್ತಿಯ ಮೇಲೆ ಇಟ್ಟರು. ಸ್ಥಳ ಸಿಕ್ಕಿತು, ವಾಲ್ವು ದೊಡ್ಡದಾಯಿತು, ಗಾಳಿ ನೇರವಾಗಿ ಇಳಿಯಿತು. ಒತ್ತುವ ಪ್ರಮಾಣವನ್ನೂ ಆರೂವರೆಯಿಂದ ಏಳರ ಆಸುಪಾಸಿಗೆ ಏರಿಸಿದರು. ಸಿಲಿಂಡರಿನ ಅಗಲ ಅದೇ, ಪಿಸ್ಟನ್ನಿನ ಓಟ ಅದೇ. ೧೯೫೦ರಲ್ಲಿ ವಿಲ್ಲೀಸ್ ಲಾರಿ ಮತ್ತು ಸ್ಟೇಷನ್ ವ್ಯಾಗನ್ನುಗಳಿಗೆ ಬಂದ ಈ ಎಂಜಿನಿಗೆ ಹರಿಕೇನ್ ಎಂದು ಹೆಸರಿಟ್ಟರು. ಬಲ ೭೨ರಿಂದ ೭೫ ಕುದುರೆಶಕ್ತಿ. ನೂರಕ್ಕೆ ಇಪ್ಪತ್ತಕ್ಕಿಂತ ಹೆಚ್ಚಿನ ಗಳಿಕೆ ಒಂದು ಮುಚ್ಚಳ ಬದಲಾಯಿಸಿದುದರಿಂದ ಬಂದಿತು.

ಒಂದು ತೊಡಕು ಮಾತ್ರ ಉಳಿಯಿತು. ನೆತ್ತಿಯ ಮೇಲೆ ವಾಲ್ವು ಕುಳಿತದ್ದರಿಂದ ಎಂಜಿನು ಎತ್ತರವಾಯಿತು. ಜೀಪಿನ ಬಾನೆಟ್ಟಿನ ಕೆಳಗೆ ಹಿಡಿಸಲಿಲ್ಲ. ೧೯೫೩ರ ಸಿಜೆ–೩ಬಿ ಮಾದರಿಯಲ್ಲಿ ಬಾನೆಟ್ಟನ್ನೇ ಎತ್ತರಿಸಿಬಿಟ್ಟರು. ೧೯೪೭ರಿಂದ ನಮ್ಮ ದೇಶದಲ್ಲಿ ಜೀಪುಗಳನ್ನು ಜೋಡಿಸುತ್ತಿದ್ದ ಮಹೀಂದ್ರ ಕಂಪನಿ ಆಮೇಲೆ ತಯಾರಿಸಿದುದು ಈ ಎತ್ತರದ ಮೂಗಿನ ಜೀಪನ್ನೇ. ಅಮಲ್ದಾರರ ಕಚೇರಿಯ ಮುಂದೆ, ನೀರಾವರಿ ಇಲಾಖೆಯ ಬಂಗಲೆಯ ಬಳಿ, ಚುನಾವಣೆಯ ಮೆರವಣಿಗೆಯಲ್ಲಿ ದಶಕಗಳ ಕಾಲ ನಿಮ್ಮ ಹಿರಿಯರು ಕಂಡ ಜೀಪು ಇದು. ಅದರ ಮೂಗೇಕೆ ಅಷ್ಟು ಎತ್ತರವೆಂದು ಕೇಳಿದವರು ಕಡಿಮೆ. ಗಾಳಿಗೆ ದಾರಿ ಬಿಡುವುದಕ್ಕಾಗಿ ಎತ್ತಿದ ಮೂಗು ಅದು.

೧೯೪೮ರ ಸೆಪ್ಟೆಂಬರ್ ೧೭ರಂದು ಸಂಸ್ಥಾನ ಭಾರತದೊಡನೆ ಸೇರಿತು. ೧೯೫೬ರ ನವೆಂಬರ್ ೧ರಂದು ಕಲಬುರಗಿ ಜಿಲ್ಲೆ ಅಂದಿನ ಮೈಸೂರು ರಾಜ್ಯಕ್ಕೆ ಬಂದಿತು. ಅದೇ ಹೊತ್ತಿಗೆ ಲಾರಿಯ ಲೋಕದಲ್ಲಿಯೂ ಪಲ್ಲಟವಾಗುತ್ತಿತ್ತು. ಪೆಟ್ರೋಲ್ ಎಂಜಿನಿನ ಲಾರಿಗಳ ಒಡೆಯರು ಎಂಜಿನನ್ನು ಇಳಿಸಿ ಆ ಜಾಗಕ್ಕೆ ಡೀಸೆಲ್ ಎಂಜಿನು ಕೂಡಿಸತೊಡಗಿದರು. ಮದರಾಸಿನ ಸಿಂಪ್ಸನ್ ಕಂಪನಿ ತಯಾರಿಸುತ್ತಿದ್ದ ಪರ್ಕಿನ್ಸ್ ಪಿ–೬ ಎಂಬ ಆರು ಸಿಲಿಂಡರಿನ ಎಂಜಿನು ಈ ಕೆಲಸಕ್ಕೆ ಹೆಸರಾಯಿತು. ೧೯೫೪ರಿಂದ ಟಾಟಾ–ಮರ್ಸಿಡಿಸ್ ಲಾರಿಗಳು ಹುಟ್ಟುವಾಗಲೇ ಡೀಸೆಲ್ ಹೊಟ್ಟೆಯೊಡನೆ ಬಂದವು. ಡೀಸೆಲ್ ಎಂಜಿನಿನಲ್ಲಿ ಕಿಡಿಯಿಲ್ಲ. ಗಾಳಿಯನ್ನೇ ಹದಿನೈದು ಇಪ್ಪತ್ತು ಪಟ್ಟು ಒತ್ತಿ, ಅದು ಕೆಂಡದಂತೆ ಕಾದಾಗ ಎಣ್ಣೆಯನ್ನು ಸಿಂಪಡಿಸುತ್ತಾರೆ. ಅಷ್ಟು ಒತ್ತುವುದರಿಂದ ಅದೇ ಎಣ್ಣೆಯಲ್ಲಿ ಹೆಚ್ಚು ಕೆಲಸ. ಕುದುರೆಶಕ್ತಿಯ ಅಂಕಿ ಅಷ್ಟೇನೂ ಏರದಿದ್ದರೂ ನಿಧಾನ ಓಟದಲ್ಲಿ ಎಳೆತ ಏರಿತು, ಖರ್ಚು ಇಳಿಯಿತು. ಕಲ್ಲು ಹೊರುವವನಿಗೆ ಬೇಕಾದುದೂ ಅದೇ ತಾನೆ?

ಡೀಸೆಲ್ಲಿನೊಡನೆ ಒಂದು ಹೊಸ ಪ್ರಲೋಭನೆಯೂ ಬಂದಿತು. ೧೯೫೧ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಮೈಕೋ ಕಾರಖಾನೆ ಡೀಸೆಲ್ ಸಿಂಪಡಿಸುವ ಪಂಪುಗಳನ್ನು ದೇಶದಲ್ಲಿಯೇ ತಯಾರಿಸತೊಡಗಿತು. ಈ ಪಂಪಿನಲ್ಲಿ, ಗರಿಷ್ಠವೆಂದರೆ ಎಷ್ಟು ಎಣ್ಣೆ ಹೋಗಬೇಕೆಂಬುದನ್ನು ಗೊತ್ತು ಮಾಡುವ ಒಂದು ತಿರುಪು ಉಂಟು. ಅದಕ್ಕೆ ಮುದ್ರೆ ಹಾಕಿರುತ್ತಾರೆ. ಮುದ್ರೆ ಮುರಿದು ತಿರುಪನ್ನು ಒಂದು ಸುತ್ತು ತಿರುಗಿಸಿದರೆ ಗಾಡಿ ಚುರುಕಾಯಿತೆಂದು ಅನ್ನಿಸುವುದು ಸುಳ್ಳಲ್ಲ. ಪಂಪು ತಿರುವಿಸುವುದು ಹೆದ್ದಾರಿಯ ಬದಿಯ ಗ್ಯಾರೇಜುಗಳಲ್ಲಿ ಎಲ್ಲಕ್ಕಿಂತ ಅಗ್ಗದ ಚಿಕಿತ್ಸೆಯಾಗಿ ನಿಂತಿತು. ಆದರೆ ಒಂದು ಕಿಲೋ ಡೀಸೆಲ್ ಪೂರ್ತಿ ಉರಿಯಲು ಲೆಕ್ಕದ ಪ್ರಕಾರ ಹದಿನಾಲ್ಕೂವರೆ ಕಿಲೋ ಗಾಳಿ ಬೇಕು. ಸಿಲಿಂಡರಿನಲ್ಲಿ ಎಣ್ಣೆ ಮತ್ತು ಗಾಳಿ ಸಮನಾಗಿ ಬೆರೆಯದ ಕಾರಣ ಹೊಗೆಯಿಲ್ಲದೆ ಉರಿಯಲು ಹದಿನೆಂಟು ಇಪ್ಪತ್ತು ಕಿಲೋ ಬೇಕಾಗುತ್ತದೆ. ಗಾಳಿ ಇದ್ದಷ್ಟೇ ಇದ್ದು ಎಣ್ಣೆಯೊಂದೇ ಹೆಚ್ಚಿದರೆ ಮಿಕ್ಕಿದ್ದು ಕರಿಹೊಗೆ. ಅದು ನಿಮ್ಮ ದುಡ್ಡೇ, ಹಿಂದೆ ಬರುವ ಸೈಕಲ್ಲಿನವನ ಕಣ್ಣಿಗೆ ಹೋಗುವಂಥದು. ಜೊತೆಗೆ ಹೊಗೆಯ ಶಾಖ ಏರುತ್ತದೆ. ಪಿಸ್ಟನ್ನಿನ ನೆತ್ತಿಯೂ ಹೊಗೆಯ ವಾಲ್ವೂ ಸುಡುತ್ತವೆ. ಎಣ್ಣೆ ರಿಂಗುಗಳನ್ನು ತೊಳೆದು ಎಂಜಿನ್ ಆಯಿಲ್ಲಿಗೆ ಇಳಿಯುತ್ತದೆ. ಕಂತು ಕಟ್ಟುತ್ತಿರುವವನ ಗಾಡಿ ಎಂಜಿನ್ ಬಿಚ್ಚಿ ಒಂದು ತಿಂಗಳು ನಿಂತರೆ ಆ ಮನೆಯಲ್ಲಿ ಏನಾಗುತ್ತದೆಂಬುದನ್ನು ನಾನು ಬಣ್ಣಿಸಬೇಕಾಗಿಲ್ಲ.

ಆದ್ದರಿಂದ ಮಿಸ್ತ್ರಿ ತಿರುಪಿಗೆ ಕೈ ಹಾಕುವ ಮೊದಲು ಗಾಳಿಯ ವಿಚಾರ ಕೇಳಬೇಕು. ಸೇಡಮ್ಮಿನ ಮೇ ತಿಂಗಳನ್ನು ತೆಗೆದುಕೊಳ್ಳಿ. ಬಿಸಿಲು ೪೩ ಡಿಗ್ರಿ ಎನ್ನೋಣ. ಎಂಜಿನಿನ ಬಲವನ್ನು ಬಹುಮಟ್ಟಿಗೆ ತಂಪು ದೇಶದ ಹವೆಗೆ ಸರಿಹೊಂದಿಸಿ ಹೇಳುವುದು ರೂಢಿ. ೧೫ ಡಿಗ್ರಿಯ ಗಾಳಿಗೆ ಹೋಲಿಸಿದರೆ ೪೩ ಡಿಗ್ರಿಯ ಗಾಳಿ ನೂರಕ್ಕೆ ೯ರಷ್ಟು ತೆಳುವು. ಈ ಸೀಮೆ ಸಮುದ್ರಮಟ್ಟಕ್ಕಿಂತ ೪೦೦ ಮೀಟರಿನ ಆಸುಪಾಸು ಎತ್ತರದಲ್ಲಿದೆ. ಅದಕ್ಕೆಂದು ಇನ್ನೂ ೪–೫ ಹೋಯಿತು. ಅಂದರೆ ಕಾಗದದ ಮೇಲಿನ ಬಲದಲ್ಲಿ ಏಳನೆಯ ಒಂದು ಪಾಲು ನಮ್ಮ ಬಿಸಿಲೇ ನುಂಗಿತು. ಗಾಳಿ ಎಳೆಯುವ ಕೊಳವೆಯ ಬಾಯಿ ಮುರಿದೋ ಜರುಗಿಯೋ ಬಾನೆಟ್ಟಿನ ಒಳಗಿನ ಕಾದ ಗಾಳಿಯನ್ನೇ ಎಳೆಯುತ್ತಿದ್ದರೆ? ಅಲ್ಲಿ ೬೩ ಡಿಗ್ರಿ ಇದ್ದರೆ ಇನ್ನೂ ನೂರಕ್ಕೆ ೬ ಕಳೆಯಿತು. ಆ ಬಾಯನ್ನು ಹೊರಗಿನ ಗಾಳಿಗೆ ತಿರುಗಿಸಲು ತಗಲುವುದು ಒಂದು ರಬ್ಬರ್ ಕೊಳವೆ, ಎರಡು ಕ್ಲಿಪ್ಪು.

ಇನ್ನು ಧೂಳು. ಖಣಿಯ ದಾರಿಯಲ್ಲಿ, ಸಿಮೆಂಟು ಕಾರಖಾನೆಯ ಗೇಟಿನ ಮುಂದೆ ಏಳುವ ಬಿಳಿ ಧೂಳನ್ನು ಕಂಡವರಿಗೆ ಹೇಳಬೇಕಾದುದಿಲ್ಲ. ಹೊರಗೆ ಮರಗಳ ಎಲೆಯ ಮೇಲೆ ಕುಳಿತಷ್ಟು ಧೂಳು ಏರ್ ಫಿಲ್ಟರಿನ ಮೇಲೆಯೂ ಕುಳಿತಿರುತ್ತದೆ. ಕಂಪನಿಯವರು ಕೊಟ್ಟ ಕಾಲಾವಧಿ ಒಳ್ಳೆಯ ರಸ್ತೆಯಲ್ಲಿ ಓಡುವ ಗಾಡಿಗೆ. ಶಹಾಬಾದಿನ ಖಣಿಗೆ ಇಳಿದು ಏರುವ ಗಾಡಿಗೆ ಅದರ ಅರ್ಧವೂ ಹೆಚ್ಚಾದೀತು. ಫಿಲ್ಟರಿನ ಕಾಟ ತಪ್ಪಿಸಲು ಅದನ್ನು ಕಿತ್ತೇ ಎಸೆದವರುಂಟು. ಮೊದಲ ವಾರ ಗಾಡಿ ಹಾರುತ್ತದೆ. ಆಮೇಲೆ ಆ ಕಲ್ಲಿನ ಪುಡಿ ಸಿಲಿಂಡರಿನ ಒಳಮೈಯನ್ನು ಮರಳುಕಾಗದದಂತೆ ಉಜ್ಜುತ್ತದೆ. ಒತ್ತುವ ಗಾಳಿ ರಿಂಗುಗಳ ಪಕ್ಕದಿಂದ ಸೋರುತ್ತದೆ. ಹಳೆಯ ಎಂಜಿನಿನಲ್ಲಿ ವಾಲ್ವುಗಳನ್ನು ಅರೆಸಿ ಕೂರಿಸುವುದು, ನೋಝಲ್ಲುಗಳನ್ನು ಪರೀಕ್ಷೆ ಮಾಡಿಸುವುದು, ವಾಲ್ವಿನ ಸಂದು ಸರಿಮಾಡುವುದು, ಬೇಕಾದರೆ ಬೋರು ಮಾಡಿಸಿ ಹೊಸ ರಿಂಗು ಹಾಕುವುದು – ಇವು ಹೊಸ ಬಲವನ್ನು ಕೊಡುವುದಿಲ್ಲ, ನೀವು ಗಾಡಿ ಕೊಂಡ ದಿನ ಇದ್ದ ಬಲವನ್ನು ಹಿಂದಕ್ಕೆ ತರುತ್ತವೆ. ಐದಾರು ವರ್ಷ ಕಲ್ಲು ಹೊತ್ತ ಗಾಡಿಗೆ ಅದೇ ದೊಡ್ಡ ಗಳಿಕೆ.

ಗಾಳಿಯನ್ನು ಒಳಕ್ಕೆ ತುಂಬುವ ಇನ್ನೊಂದು ಉಪಾಯವನ್ನು ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ ೧೯೦೫ರಷ್ಟು ಹಿಂದೆಯೇ ಯೋಚಿಸಿ ಸನ್ನದು ಪಡೆದಿದ್ದನು. ಉರಿದ ಎಣ್ಣೆಯ ಶಾಖದಲ್ಲಿ ಹತ್ತಿರ ಹತ್ತಿರ ಮೂರನೆಯ ಒಂದು ಪಾಲು ಹೊಗೆಯ ಜೊತೆಯಲ್ಲಿ ಹೊರಬೀಳುತ್ತದೆ. ಆ ಹೊಗೆಯಿಂದ ಒಂದು ಚಕ್ರ ತಿರುಗಿಸಿ, ಅದೇ ದಂಡಕ್ಕೆ ಕೂಡಿಸಿದ ಇನ್ನೊಂದು ಚಕ್ರದಿಂದ ಗಾಳಿಯನ್ನು ಎಂಜಿನಿಗೆ ಊದುವುದು. ಇದೇ ಟರ್ಬೊ. ೧೯೨೦ರ ದಶಕದ ನಡುವೆ ಜರ್ಮನಿಯ ಎರಡು ಹಡಗುಗಳಲ್ಲಿ ಇದನ್ನು ಅಳವಡಿಸಿದಾಗ ೧,೭೫೦ ಕುದುರೆಶಕ್ತಿಯ ಎಂಜಿನು ೨,೫೦೦ ಕೊಟ್ಟಿತು. ನಮ್ಮ ಪಿಕಪ್ಪುಗಳಲ್ಲಿ ಇಂದು ಬಹಳಷ್ಟು ಟರ್ಬೊ ಸಹಿತವೇ ಬರುತ್ತವೆ. ಇಲ್ಲದ ಹಳೆಯ ಗಾಡಿಗೆ ಹೊರಗಿನಿಂದ ಕೂಡಿಸಬಹುದೇ? ಕೂಡಿಸಬಹುದು. ಆದರೆ ಹೆಡ್ಡಿನ ಗ್ಯಾಸ್ಕೆಟ್ಟು, ಪಿಸ್ಟನ್ನು, ರೇಡಿಯೇಟರು, ಕ್ಲಚ್ಚು ಎಲ್ಲವೂ ಹಳೆಯ ಬಲಕ್ಕೆ ಮಾಡಿದವು. ಒಂದನ್ನು ಬದಲಿಸಿದರೆ ಮುಂದಿನದು ಕೇಳುತ್ತದೆ. ಅಗ್ಗವೆಂದು ತೊಡಗಿದ ಕೆಲಸ ಗಾಡಿಯ ಬೆಲೆಯನ್ನೇ ಮುಟ್ಟುವುದುಂಟು. ಎಂಜಿನನ್ನೇ ಬದಲಾಯಿಸುವುದಾದರೆ ೧೯೮೮ರ ಮೋಟಾರು ವಾಹನಗಳ ಕಾಯಿದೆಯ ೫೨ನೆಯ ಕಲಮನ್ನೂ ನೋಡಬೇಕು. ಸಾರಿಗೆ ಇಲಾಖೆಯ ಒಪ್ಪಿಗೆಯಿಲ್ಲದೆ ಹಾಗೆ ಮಾಡುವಂತಿಲ್ಲ. ೨೦೨೦ರ ಏಪ್ರಿಲ್‌ನಿಂದ ಬಂದ ಬಿ.ಎಸ್.–೬ ಗಾಡಿಗಳಲ್ಲಂತೂ ಆ ಹಳೆಯ ತಿರುಪೇ ಇಲ್ಲ. ಎಣ್ಣೆಯ ಅಳತೆಯನ್ನು ಒಂದು ಪುಟ್ಟ ಗಣಕ ನೋಡಿಕೊಳ್ಳುತ್ತದೆ. ಅದರ ಲೆಕ್ಕವನ್ನು ತಿದ್ದಿಕೊಡುತ್ತೇವೆಂದು ಹೇಳುವವರೂ ಹುಟ್ಟಿಕೊಂಡಿದ್ದಾರೆ. ಗಾಳಿಗಿಂತ ಎಣ್ಣೆ ಮಿಕ್ಕಿದರೆ ಆಗುವುದು ಮಾತ್ರ ಮೊದಲಿನದೇ.

ಎಂಜಿನನ್ನು ಬಿಟ್ಟು ಮತ್ತೆ ನೆಲಕ್ಕೆ ಇಳಿಯೋಣ. ಸರಕೂ ಸೇರಿ ಮೂರು ಟನ್ ತೂಗುವ ಒಂದು ಪಿಕಪ್ ಗಂಟೆಗೆ ೩೦ ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದೆಯೆನ್ನಿ. ಸಮತಟ್ಟಾದ ಡಾಂಬರಿನ ಮೇಲೆ ಅದರ ಗಾಲಿಗಳಿಗೆ ಬೇಕಾದುದು ಐದು ಕುದುರೆಶಕ್ತಿ ಮಾತ್ರ. ಅದೇ ಗಾಡಿ ಖಣಿಯ ಸಡಿಲ ಮಣ್ಣಿಗೆ ಇಳಿದರೆ ಇಪ್ಪತ್ತು ಬೇಕು. ಡಾಂಬರಿನ ಮೇಲೆಯೇ ಇಪ್ಪತ್ತಕ್ಕೊಂದರ ಏರು ಹತ್ತಿದರೆ ಇಪ್ಪತ್ತೊಂದು. ಚಿಂಚೋಳಿಯ ಕಡೆಯ ಗುಡ್ಡದ ದಾರಿಯೂ ಶಹಾಬಾದಿನ ಖಣಿಯ ಸಮನೆಲವೂ ಎಂಜಿನಿಗೆ ಒಂದೇ ಎಂದಂತಾಯಿತು. ಇಂಥಲ್ಲಿ ಟಯರಿನಲ್ಲಿ ಗಾಳಿ ಕಡಿಮೆಯಿದ್ದು, ಬ್ರೇಕು ತುಸು ಹಿಡಿದುಕೊಂಡಿದ್ದು, ಗಾಲಿಯ ಬೇರಿಂಗು ಒಣಗಿದ್ದರೆ ಮೂರು ನಾಲ್ಕು ಕುದುರೆಗಳನ್ನು ಬಿಡಿಸಿ ಮೇಯಲು ಬಿಟ್ಟಂತೆ. ಖಣಿಯ ಒಡೆಯರು ತಮ್ಮಲ್ಲಿ ಮಿಕ್ಕುವ ಕಲ್ಲಿನ ಚೂರನ್ನೇ ದಾರಿಗೆ ಹರಡಿ ಗಟ್ಟಿ ಮಾಡಿಸಿದರೆ ಅಲ್ಲಿ ಹಾಯುವ ಎಲ್ಲ ಗಾಡಿಗಳ ಎಂಜಿನೂ ಒಂದೇ ದಿನ ಬಲವಾಗುತ್ತದೆ. ಅಷ್ಟು ಅಗ್ಗದ ಕೆಲಸ ಬೇರೊಂದಿಲ್ಲವೆಂದು ನನಗೆ ತೋರುತ್ತದೆ.

ಕಡೆಯದಾಗಿ ಗೇರಿನ ಮಾತು. ಜೀಪಿನಲ್ಲಿ ಮುಖ್ಯ ಗೇರುಪೆಟ್ಟಿಗೆಯ ಹಿಂದೆ ಇನ್ನೊಂದು ಪುಟ್ಟ ಪೆಟ್ಟಿಗೆಯಿತ್ತು. ಅದರ ಕೋಲನ್ನು ಎಳೆದರೆ ವೇಗ ಇಳಿದು ಗಾಲಿಯ ಎಳೆತ ಎರಡೂವರೆ ಪಟ್ಟಿನಷ್ಟು ಏರುತ್ತಿತ್ತು. ಎಂಜಿನಿನ ಬಲ ಒಂದು ಕೂದಲೂ ಹೆಚ್ಚಿಲ್ಲ, ಆದರೂ ಕೆಸರಿನಿಂದ ಗಾಡಿ ಎದ್ದು ಬರುತ್ತಿತ್ತು. ೨೦೦೫ರಲ್ಲಿ ಬಂದ ಟಾಟಾ ಏಸ್ ಗಾಡಿಯನ್ನು ನಮ್ಮ ಜನ ಪ್ರೀತಿಯಿಂದ ಛೋಟಾ ಹಾಥಿ ಎಂದರು. ಎರಡು ಸಿಲಿಂಡರು, ೭೦೨ ಸಿಸಿ, ಕೇವಲ ೧೬ ಕುದುರೆಶಕ್ತಿ. ಆ ಹದಿನಾರನ್ನು ಚಿಕ್ಕ ಗಾಲಿಗಳಿಗೆ ತಕ್ಕ ಗೇರುಗಳ ಮೂಲಕ ಕೊಟ್ಟಿದ್ದರಿಂದ ಅದು ಆನೆಯಾಯಿತು. ಆದರೆ ಗಾಡಿ ಎತ್ತರವಾಗಿ ಕಾಣಲೆಂದೋ ಖಣಿಯ ಗುಂಡಿಯಲ್ಲಿ ತಳ ತಾಗದಿರಲೆಂದೋ ದೊಡ್ಡ ಟಯರು ಹಾಕಿಸುವವರಿದ್ದಾರೆ. ಟಯರಿನ ಎತ್ತರ ಹತ್ತಕ್ಕೆ ಒಂದರಷ್ಟು ಹೆಚ್ಚಿದರೆ ನೆಲದ ಮೇಲಿನ ಎಳೆತ ನೂರಕ್ಕೆ ೯ರಷ್ಟು ಇಳಿಯುತ್ತದೆ, ವೇಗದ ಮುಳ್ಳೂ ಸುಳ್ಳು ಹೇಳತೊಡಗುತ್ತದೆ. ನಿಮ್ಮ ಗಾಡಿ ಏರಿನಲ್ಲಿ ಮೊದಲಿನಂತೆ ಎಳೆಯುತ್ತಿಲ್ಲವೆಂದು ಮಿಸ್ತ್ರಿಯ ಬಳಿಗೆ ಹೋಗುವ ಮುನ್ನ ಹಿಂದಿನ ಟಯರಿನ ಬದಿಯಲ್ಲಿ ಅಚ್ಚಾಗಿರುವ ಅಳತೆಯನ್ನೂ ಗಾಡಿಯೊಡನೆ ಬಂದ ಪುಸ್ತಕದಲ್ಲಿ ಹೇಳಿರುವ ಅಳತೆಯನ್ನೂ ಒಮ್ಮೆ ಹೋಲಿಸಿ ನೋಡಿ.